ಬಿದ್ದೋ ಅಂದೆ, ಬಿದ್ದ ಅನ್ನಲಿಲ್ಲ

ಹುಣಸೆಮರದ ಗೇಟು,
ಮದ್ದೂರು–ಮಳವಳ್ಳಿ ರಸ್ತೆ.
೧೪-೬-೨೦೨೫, ಶನಿವಾರ

ಮಗಳು ಗಗನಳಿಗೆ,

ನಿನ್ನೆ ಸಾಯಂಕಾಲ ಆ ಬೈಕು ಮತ್ತೆ ಬಂದಿತ್ತು. ಅಂಗಡಿ ಮುಂದೆ ನಿಲ್ಲಿಸಿ ಎರಡು ಚಕ್ರಕ್ಕೂ ಗಾಳಿ ನೋಡು ಅಂದ. ನೋಡಿದೆ. ಚಕ್ರದಲ್ಲಿ ಗಾಳಿ ಸರಿಯಾಗಿತ್ತು ಮಗಾ, ನನ್ನಲ್ಲೇ ಇರಲಿಲ್ಲ.

ಅದಿರಲಿ. ಮೊದಲು ಕ್ಷೇಮ ಬರೆಯಬೇಕಲ್ಲ. ನಿಮ್ಮವ್ವ ಕ್ಷೇಮ. ಎಮ್ಮೆ ಕ್ಷೇಮ, ಈಗ ಗಬ್ಬ. ಗಾಳಿ ಹೊಡೆಯುವ ಮಿಷನ್ನು ಕ್ಷೇಮ, ಅದಕ್ಕೆ ಹೊಸ ಬೆಲ್ಟು ಹಾಕಿಸಿದ್ದೀನಿ. ಇನ್ನು ಉಳಿದವನು ನಾನು. ನನ್ನ ಕ್ಷೇಮವನ್ನು ಕೊನೆಗೆ ಬರೆಯುತ್ತೀನಿ, ಜಾಗ ಉಳಿದರೆ.

ನಿನ್ನ ಕಾಗದ ಬಂದು ತುಂಬ ದಿನವಾಯಿತು. ಉತ್ತರ ಬರೆಯಲಿಲ್ಲ ಅಂತ ಸಿಟ್ಟಾಗಬೇಡ. ಭಾನುವಾರ ಭಾನುವಾರ ನಿಮ್ಮ ಕೈಗೆ ಫೋನು ಕೊಡುತ್ತಾರಲ್ಲ, ಆಗ ಹೇಳಬಹುದಿತ್ತು ಅಂತೀಯ. ಹೋದ ಭಾನುವಾರ ನೀನು ಮಾಡಿದಾಗ ನಾನು ಮಳೆ ಬಂತಾ, ಊಟ ಆಯ್ತಾ, ಕಾಲು ಬೊಬ್ಬೆ ಒಣಗಿದವಾ ಅಂತ ಕೇಳಿ ಅವ್ವನ ಕೈಗೆ ಕೊಟ್ಟುಬಿಟ್ಟೆ. ಅವಳು ಬರೀ ಹೂಂ ಹೂಂ ಅಂದಳು. ನಿಮ್ಮಿಬ್ಬರಿಗೂ ಏನಾಗಿದೆ ಅಂತ ನೀನು ಕೇಳಿದೆ. ಅದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಲು ಹೆದರಿಕೆ. ಮಳವಳ್ಳಿ ರಸ್ತೆಯಲ್ಲಿ ಪಂಕ್ಚರ್ ಹಾಕುವವನ ಮಾತನ್ನು ಯಾರು ಕದ್ದು ಕೇಳುತ್ತಾರೆ ಅಂತ ನಗಬೇಡ. ನಾನೂ ಹಾಗೇ ಅಂದುಕೊಂಡು ನಗುತ್ತಿದ್ದೆ. ಈಗ ನಗು ಬರುತ್ತದೆ, ಅದರ ಹಿಂದೆಯೇ ಬೆವರೂ ಬರುತ್ತದೆ.

ಯಲಿಯೂರಿನ ಕಾಮಾಕ್ಷಮ್ಮ ನಾಳೆ ಅವರ ಮಗಳು ಭಾಗ್ಯಲಕ್ಷ್ಮಿಯನ್ನು ನೋಡಲು ನಿಮ್ಮ ಪೊಲೀಸ್ ಟ್ರೈನಿಂಗ್ ಸ್ಕೂಲಿಗೆ ಬರುತ್ತಾರೆ. ನಿಪ್ಪಟ್ಟಿನ ಡಬ್ಬಿಯ ತಳದಲ್ಲಿ ಇದನ್ನಿಟ್ಟು ಕಳಿಸುತ್ತಿದ್ದೀನಿ. ಎಣ್ಣೆ ಅಂಟಿದ್ದರೆ ಬೆಳಕಿಗೆ ಹಿಡಿದು ಓದು. ಓದಿದ ಮೇಲೆ ಹರಿದು ಹಾಕು. ನಿಪ್ಪಟ್ಟು ಮಾತ್ರ ಹರಿಯಬೇಡ, ಹಲ್ಲು ಹೋದೀತು, ಅವ್ವ ಈ ಸಲ ಗಟ್ಟಿ ಮಾಡಿದ್ದಾಳೆ. ಸಿಟ್ಟಿನಲ್ಲಿ ತಟ್ಟಿದ ನಿಪ್ಪಟ್ಟು.

ಮುದ್ದಯ್ಯನ ವಿಷಯ ಹಿಂದಿನ ಕಾಗದದಲ್ಲಿ ಅರ್ಧ ಬರೆದು ಬಿಟ್ಟಿದ್ದೆ. ಮರ ಹತ್ತುವ ಮುದ್ದಯ್ಯ ಕಣಮ್ಮ, ನಿನಗೆ ಚಿಕ್ಕವಳಿದ್ದಾಗ ಎಳನೀರು ಕೆತ್ತಿ ಗಂಜಿ ತೆಗೆದುಕೊಡುತ್ತಿದ್ದನಲ್ಲ, ಅವನೇ. ಯುಗಾದಿ ಆದ ಮೇಲೆ ಹೊನ್ನಯ್ಯನವರ ತೋಟದ ಪಂಪ್‌ಸೆಟ್ಟಿನ ಕೇಬಲ್ಲು ಕಳುವಾಯಿತು. ಅದರ ಹಿಂದಿನ ದಿನ ಅದೇ ತೋಟದಲ್ಲಿ ಮುದ್ದಯ್ಯ ಕಾಯಿ ಕೆಡವಿದ್ದ. ಅಷ್ಟೇ ಸಾಕಾಯಿತು, ಹೊನ್ನಯ್ಯನವರು ಕಂಪ್ಲೇಂಟಿನಲ್ಲಿ ಅವನ ಹೆಸರು ಬರೆಸಿದರು. ತೆಂಗಿನ ಮರದ ತುದಿಯಲ್ಲಿದ್ದವನು ನೆಲದೊಳಗಿನ ಕೇಬಲ್ಲು ಕದ್ದ ಅಂತ.

ಅವತ್ತು ಬೆಳಿಗ್ಗೆ ಅವನ ಟಿವಿಎಸ್ಸಿನ ಹಿಂದಿನ ಚಕ್ರ ಪಂಕ್ಚರಾಗಿ ನಮ್ಮ ಅಂಗಡಿಗೆ ತಳ್ಳಿಕೊಂಡು ಬಂದಿದ್ದ. ನಾನು ಟ್ಯೂಬನ್ನು ನೀರಿಗೆ ಅದ್ದಿ ಗುಳ್ಳೆ ಎಲ್ಲಿ ಬರುತ್ತದೆ ಅಂತ ನೋಡುತ್ತಿದ್ದೆ. ಅವನು ಮರ ಹತ್ತುವ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದ. ಜೀಪು ಬಂತು. ಯತೀಶ್ ಇಳಿದ, ಇನ್ನೊಬ್ಬ ಡ್ರೈವರ್ ಸೀಟಿನಲ್ಲೇ ಇದ್ದ. ಯತೀಶ್ ಗೊತ್ತಲ್ಲ, ಸ್ಕೂಲಿಗೆ ಹೋಗುವಾಗ ದಿನಾ ನಮ್ಮ ಅಂಗಡಿಯಲ್ಲಿ ಸೈಕಲ್ಲಿಗೆ ಗಾಳಿ ಹೊಡೆಸಿಕೊಂಡು ಹೋಗುತ್ತಿದ್ದ ಹುಡುಗ, ಈಗ ಕಾನ್‌ಸ್ಟೇಬಲ್ಲು. ಕೇಬಲ್ಲು ಕದ್ದಿದ್ದೀಯ, ಹತ್ತು ಜೀಪು ಅಂದ. ಮುದ್ದಯ್ಯ ಯಾಕೆ ಅಂತ ಕೇಳಿದ. ಜೋರಾಗಿ ಕೇಳಲಿಲ್ಲ ಮಗಾ. ಅವನಿಗೆ ಜೋರು ಅಂದರೆ ಮರದ ಮೇಲಿಂದ ಕಾಯಿ ಬಂತು ಪಕ್ಕಕ್ಕೆ ಹೋಗಿ ಅಂತ ಕೂಗುವಾಗ ಮಾತ್ರ. ಯಾವ ಕೇಬಲ್ಲು ಸ್ವಾಮಿ ಅಂದ, ಅಷ್ಟೇ.

ಆಮೇಲೆ ಲಾಠಿ. ಬೆನ್ನಿಗೆ, ತೊಡೆಗೆ. ಮುಖಕ್ಕೆ ಬರುತ್ತದೆ ಅಂತ ಬಲಗೈ ಅಡ್ಡ ಹಿಡಿದ, ಕೈಗೆ. ಎಳನೀರು ಕೆತ್ತುವಾಗ ಮಚ್ಚು ತಗುಲಿದರೆ ಟಕ್ ಅನ್ನುತ್ತದಲ್ಲ, ಅಂಥ ಸದ್ದು ಬಂತು. ನನ್ನ ಕೈ ನೀರಿನಲ್ಲೇ ಇತ್ತು. ಟ್ಯೂಬಿನಲ್ಲಿ ಗುಳ್ಳೆ ಬರುತ್ತಿತ್ತು, ನಾನು ಅದನ್ನೇ ನೋಡುತ್ತಿದ್ದೆ.

ಗೇಟಿನ ಬಸ್ ಸ್ಟಾಪಿನಲ್ಲಿ ಜನಕ್ಕೇನೂ ಬರವಿರಲಿಲ್ಲ. ಮಲ್ಲಿಗಮ್ಮನ ಟೀ ಅಂಗಡಿ ತುಂಬಿತ್ತು, ಬಸ್ಸಿಗೆ ಕಾಯುವವರಿದ್ದರು. ಮುದ್ದಯ್ಯನ ಹೆಂಡತಿ ಅಂಕಮ್ಮ ಮೇಲಿನವರಿಗೆ ದೂರು ಕೊಟ್ಟು, ವಿಚಾರಣೆ ಅಂತ ಬಂದಾಗ ನೋಡು, ಎಲ್ಲರೂ ಅವತ್ತು ಸಂತೆಗೆ ಹೋಗಿದ್ದರಂತೆ. ಸಂತೆಯೇ ಇಲ್ಲದ ದಿನ ಊರಿಗೂರೇ ಸಂತೆಗೆ ಹೋದದ್ದು ನಮ್ಮ ಗೇಟಿನಲ್ಲಿ ಮಾತ್ರ. ನನಗೆ ಹಾಗೆ ಹೇಳಲು ಆಗಲಿಲ್ಲ. ಮುದ್ದಯ್ಯನ ಟಿವಿಎಸ್ಸು ನನ್ನ ಅಂಗಡಿಯಲ್ಲೇ ನಿಂತಿತ್ತಲ್ಲ. ಪಂಕ್ಚರ್ ಹಾಕಿದವನು ಯಾರು ಅಂದರೆ ಏನು ಹೇಳಲಿ.

ಸ್ಟೇಷನ್ನಿನವರು ಬರೆದುಕೊಟ್ಟ ಉತ್ತರ ಏನು ಗೊತ್ತಾ? ಆಸಾಮಿ ಓಡಲು ಹೋಗಿ ಎಡವಿ ಬಿದ್ದು ಕೈ ಮುರಿದುಕೊಂಡ ಅಂತ. ಹುಟ್ಟಿದಾಗಿನಿಂದ ತೆಂಗಿನ ಮರದಿಂದ ಬೀಳದವನು ಡಾಂಬರು ರಸ್ತೆಯಲ್ಲಿ ಬಿದ್ದನಂತೆ. ಇದನ್ನು ಕೇಳಿ ನಾನು ಮಲ್ಲಿಗಮ್ಮನ ಅಂಗಡಿಯಲ್ಲಿ ಹೇಳಿ ನಗಿಸಿದ್ದೆ. ಇನ್ನು ಮೇಲೆ ಮುದ್ದಯ್ಯ ರಸ್ತೆಯಲ್ಲಿ ನಡೆಯುವಾಗಲೂ ಹಗ್ಗ ಕಟ್ಟಿಕೊಳ್ಳಬೇಕು ಅಂದಿದ್ದೆ. ಆ ನಗು ಯಾರ ಕಿವಿಗೆ ಹೋಯಿತೋ, ಮಾರನೇ ದಿನ ಯತೀಶ್ ಬಂದು ಟೀ ಕುಡಿದು ನನ್ನನ್ನೇ ನೋಡಿಕೊಂಡು ಹೋದ.

ವಿಚಾರಣೆಗೆ ಬೇರೆ ಕಡೆಯಿಂದ ಒಬ್ಬರು ಡಿವೈಎಸ್ಪಿ ಮೇಡಂ ಬಂದರು. ಮಳವಳ್ಳಿ ಐಬಿ ಬಂಗಲೆಯಲ್ಲಿ ಕೂತಿದ್ದರು. ಸಮುದ್ರದ ಕಡೆಯವರು, ಅವರ ಕನ್ನಡಕ್ಕೆ ಇಸ್ತ್ರಿ ಹಾಕಿದಂತಿತ್ತು. ಕಂಪ್ಯೂಟರಿನಲ್ಲಿ ಬರೆದುಕೊಳ್ಳುವ ಪೊಲೀಸ್ ಹುಡುಗ ವಿಜಯಪುರದ ಕಡೆಯವನು. ಅವನ ಮಾತು ನನಗೆ ಅರ್ಧ ತಿಳಿಯದು, ನನ್ನ ಮಾತು ಅವನಿಗೆ ಕಾಲು ತಿಳಿಯದು. ಇಬ್ಬರೂ ಒಳ್ಳೆಯವರೇ. ಮೇಡಂ ಕೂರಿಸಿ ನೀರು ಕೊಟ್ಟರು, ಹೆದರಬೇಡಿ ಅಂದರು. ನಾನು ಹೆದರುತ್ತಿರಲಿಲ್ಲ ಮಗಾ, ಕಿಟಕಿಯ ಆಚೆ ನೋಡುವವರೆಗೆ. ಐಬಿಯ ಗೇಟಿನ ಹೊರಗೆ ಯತೀಶ್ ಬೈಕಿನ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದ. ಒಳಗೆ ಬರಲಿಲ್ಲ, ಕೂಗಲಿಲ್ಲ. ಒಂದೊಂದೇ ಕಾಯಿ ಒಡೆದು ಬಾಯಿಗೆ ಹಾಕಿಕೊಳ್ಳುತ್ತಿದ್ದ.

ಮುದ್ದಯ್ಯನಿಗೆ ಏನಾಯಿತು, ನೀವು ನೋಡಿದ್ದನ್ನು ಹೇಳಿ ಅಂತ ಮೇಡಂ ಕೇಳಿದರು.

ಏಟು ಅನ್ನುವುದು ಎರಡಕ್ಷರದ ಮಾತು. ಗಂಟಲಿನವರೆಗೆ ಬಂತು. ಕಿಟಕಿ ನೋಡಿದೆ, ನುಂಗಿಕೊಂಡೆ. ನಮ್ಮ ಕಡೆ ಅದಿಲ್ಲದೆಯೂ ಹೇಳಬಹುದಲ್ಲ. ಜಗಳ ನಡೆದಾಗ ಅವನಿಗೆ ಏನಾಯ್ತಲಾ ಅಂದರೆ, ಬಿದ್ದೋ ಕಣ್ಲಾ ಅಂತೀವಿ. ಏನು ಬಿದ್ದವು ಅಂತ ನಮ್ಮೂರಿನಲ್ಲಿ ಮಗುವೂ ಕೇಳುವುದಿಲ್ಲ. ಹೇಳಿದ ಹಾಗೂ ಆಗುತ್ತದೆ, ಹೇಳದ ಹಾಗೂ ಇರುತ್ತದೆ. ಅದಕ್ಕೆ ನಾನು, "ಏನಾಯ್ತದೆ ಮೇಡಂ, ಬಿದ್ದೋ. ಚೆನ್ನಾಗೇ ಬಿದ್ದೋ. ಗೊನೆ ಕೊಯ್ದಾಗ ತೆಂಗಿನಕಾಯಿ ಬಿದ್ದಂಗೆ ಬಿದ್ದೋ" ಅಂದೆ.

ಬರೆಯುವ ಹುಡುಗ ನಕ್ಕ. ಮೇಡಂ ಕೂಡ ನಗು ತಡೆಯಲು ತುಟಿ ಬಿಗಿಹಿಡಿದರು. ಅವರು ನಕ್ಕರಲ್ಲ ಅಂತ ನನಗೆ ಜೀವ ಬಂತು. ಇನ್ನೂ ಒಂದೆರಡು ತಮಾಷೆ ಮಾಡಿದೆ. ಆ ಹುಡುಗ ಬರೆದದ್ದನ್ನು ಓದಿಯೂ ಹೇಳಿದ. ಇರುತ್ತಾನೆ, ಇರುತ್ತೇನೆ, ಇರುತ್ತದೆ ಅಂತ ಗಡಗಡ ಓದಿದ. ನನ್ನ ಕಿವಿಗೆ ಬಿದ್ದದ್ದು ಹೊರಗಿನ ಕಡಲೆಕಾಯಿ ಸದ್ದು ಮಾತ್ರ. ಸೈನು ಹಾಕಿ ಎದ್ದು ಬಂದೆ. ಕೆಲಸ ಮುಗಿಯಿತು, ಯಾರಿಗೂ ಕೆಡುಕಾಗದ ಹಾಗೆ ಸತ್ಯ ಹೇಳಿ ಬಂದೆ ಅಂತ ದಾರಿಯಲ್ಲಿ ಬೋಂಡ ಬೇರೆ ತಿಂದೆ.

ಕೆಲವು ದಿನ ಕಳೆದ ಮೇಲೆ ಅಂಕಮ್ಮ ಅಂಗಡಿಗೆ ಬಂದಳು. ನಾನು ಟಿವಿಎಸ್ಸು ತಗೊಂಡು ಹೋಗಲು ಬಂದಿದ್ದಾಳೆ ಅಂದುಕೊಂಡೆ. ಮುದ್ದಯ್ಯ ಜಾಮೀನಿನ ಮೇಲೆ ಬಂದು ಮನೆಯಲ್ಲಿದ್ದ, ಕೈಗೆ ಬಿಳಿ ಕಟ್ಟು. ಡಾಕ್ಟರು ಮಣಿಕಟ್ಟು ಮೊದಲಿನಂತೆ ಬಗ್ಗುವುದು ಕಷ್ಟ ಅಂದಿದ್ದಾರೆ. ಮರ ಹತ್ತುವವನಿಗೆ ಮಣಿಕಟ್ಟಿಲ್ಲದಿದ್ದರೆ ಮರ ಇದ್ದೇನು. ಅವಳು ಕೂರಲಿಲ್ಲ. ಬೈಯಲೂ ಇಲ್ಲ, ಬೈದಿದ್ದರೆ ನಾನೂ ಒಂದು ತಮಾಷೆ ಮಾಡಿ ತಪ್ಪಿಸಿಕೊಳ್ಳುತ್ತಿದ್ದೆ. ಗಾಳಿ ಮಿಷನ್ನಿನ ಮೇಲೆ ನಿನ್ನ ಫೋಟೋ ಹಾಕಿದ್ದೆನಲ್ಲ, ಖಾಕಿ ಹಾಕಿಕೊಂಡು ಕ್ಯಾಪು ಇಟ್ಟುಕೊಂಡು ತೆಗೆಸಿದ್ದು, ಅದನ್ನೇ ನೋಡುತ್ತಾ ನಿಂತಳು. ಆಮೇಲೆ ಕೇಳಿದಳು.

"ನಮ್ಮೆಜಮಾನ್ರು ಯಾವತ್ತಾರ ಬಿದ್ದವ್ರಾ ಚಲುವಣ್ಣ?"

ನನಗೆ ಅರ್ಥವಾಗಲಿಲ್ಲ. ಮಂಡ್ಯದ ಆಫೀಸಿಗೆ ಅವಳನ್ನು ಕರೆಸಿದ್ದರಂತೆ. ನಿಮ್ಮ ಕಡೆಯ ಸಾಕ್ಷಿಯೇ ನಿಮ್ಮ ಯಜಮಾನರು ಬಿದ್ದರು ಅಂತ ಹೇಳಿದ್ದಾರಲ್ಲ ಅಂತ ಓದಿ ಹೇಳಿದರಂತೆ. ಮುದ್ದಯ್ಯನು ಚೆನ್ನಾಗಿ ಬಿದ್ದಿರುತ್ತಾನೆ, ತೆಂಗಿನಕಾಯಿ ಬಿದ್ದಂತೆ ಬಿದ್ದಿರುತ್ತಾನೆ. ಕೆಳಗೆ ನನ್ನ ಸೈನು.

ನೋಡು ಮಗಾ, ನನ್ನ ಬಾಯಿಂದ ಹೊರಟಾಗ ಬಿದ್ದದ್ದು ಏಟು. ಕಾಗದಕ್ಕೆ ಹೋಗುವಷ್ಟರಲ್ಲಿ ಬಿದ್ದವನು ಮುದ್ದಯ್ಯ. ಸ್ಟೇಷನ್ನಿನವರು ಹೇಳಿದ್ದಕ್ಕೂ ನಾನು ಹೇಳಿದ್ದಕ್ಕೂ ಒಂದು ಕೂದಲಿನಷ್ಟೂ ವ್ಯತ್ಯಾಸವಿಲ್ಲ. ಅವರೇ ಕೂತು ಬರೆಸಿದ್ದರೂ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಅವತ್ತು ಅವಳಿಗೆ ಏನು ಹೇಳಿದೆನೋ ನೆನಪಿಲ್ಲ. ಹಾಗಲ್ಲ ಅಂಕಮ್ಮ, ನಾನು ಹಾಗಂದಿದ್ದಲ್ಲ ಅಂತ ತೊದಲಿದೆ. ಅವಳು ಹೋಗುವಾಗ ಇಷ್ಟೇ ಅಂದಳು, ಈ ವಿಚಾರಣೆ ಹೀಗೇ ಮುಗಿದರೆ ಕೈ ಹೋದದ್ದು ಹೋಗಲಿ, ಬಿದ್ದವನು ಅಂತ ಹೆಸರು ಬರುತ್ತದೆ, ಬಿದ್ದವನನ್ನು ಯಾರೂ ಮರ ಹತ್ತಲು ಕರೆಯುವುದಿಲ್ಲ. ಅದು ನಿಜ. ನೀನೇ ನೋಡಿದ್ದೀಯಲ್ಲ, ಒಂದು ಸಲ ಬಿದ್ದವನನ್ನು ಯಾವ ತೋಟದವರೂ ಹತ್ತಿಸುವುದಿಲ್ಲ, ಅಪಶಕುನ ಅಂತಾರೆ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ನಾಳೆ ಹೋಗಿ ಸರಿಮಾಡಿಸಿ ಬರುತ್ತೀನಿ ಅಂದೆ. ಅವಳು ಮುದ್ದೆಯ ಹಿಟ್ಟು ತೊಳಸುತ್ತಿದ್ದಳು. ಕೋಲು ನಿಲ್ಲಿಸಲಿಲ್ಲ. "ಅವ್ರ ಕೈ ಮುರುದದೆ, ನಿಜ. ನಮ್ಮ ಕೂಸಿನ ಕೈಗೆ ಈಗ್ತಾನೆ ಕೆಲ್ಸ ಬತ್ತಾ ಅದೆ. ಯಾವ್ದು ಬೇಕೋ ನೀವೇ ನೋಡ್ಕಳಿ" ಅಂದಳು.

  ನೀನು ಎದೆನೋವು ಬರುವ ಹಾಗೆ ಓಡಿ ಓಡಿ ಸೆಲೆಕ್ಷನ್ ಆದದ್ದು, ಕಬ್ಬಿನ ಗದ್ದೆ ಪಕ್ಕದ ರಸ್ತೆಯಲ್ಲಿ ಬೆಳಗಿನ ಜಾವ ನಾನು ಸೈಕಲ್ಲಿನಲ್ಲಿ ಮುಂದೆ ಹೋಗುತ್ತಿದ್ದದ್ದು, ನೀನು ಹಿಂದೆ ಓಡಿ ಬರುತ್ತಿದ್ದದ್ದು ಎಲ್ಲಾ ಕಣ್ಣ ಮುಂದೆ ಬಂತು. ಹೋಗಬಾರದು ಅಂತ ತೀರ್ಮಾನ ಮಾಡಿ ಮಲಗಿದೆ. ಬೆಳಿಗ್ಗೆ ಅಂಗಡಿ ತೆಗೆದೆ. ಮುದ್ದಯ್ಯನ ಟಿವಿಎಸ್ಸು ಅಲ್ಲೇ ಒರಗಿತ್ತು, ಹ್ಯಾಂಡಲ್ಲಿಗೆ ಅವನ ಹಗ್ಗ ಸುತ್ತಿತ್ತು. ಜೀಪು ಹತ್ತಿಸುವಾಗ ಬಿದ್ದದ್ದನ್ನು ನಾನೇ ಎತ್ತಿ ಸುತ್ತಿಟ್ಟಿದ್ದೆ. ಕದ ಹಾಕಿ ಬಸ್ಸು ಹತ್ತಿದೆ. ಧೈರ್ಯ ಬಂತು ಅಂತ ತಿಳಿಯಬೇಡ. ಅಂಗಡಿಯಲ್ಲಿ ಕೂರುವುದೂ ಹೆದರಿಕೆಯೇ ಆಯಿತು, ಅದಕ್ಕೇ ಹೊರಟೆ.

ಬಸ್ಸಿನ ಕತೆ ಕೇಳು. ಮದ್ದೂರಿನಲ್ಲಿ ಇಳಿದು ಮಂಡ್ಯದ ಬಸ್ಸಿಗೆ ಹತ್ತಿದೆ. ಖಾಕಿ ಷರ್ಟು ಕಂಡಿತು. ಕೈ ತಾವಾಗಿಯೇ ಎದ್ದು ಮುಗಿದವು. ಕಂಡಕ್ಟರು! ಎಲ್ಲಿಗೆ ಯಜಮಾನ್ರೆ ಅಂದ. ಮಂಡ್ಯ ಸ್ವಾಮಿ ಅಂದೆ. ಬಸ್ಸೆಲ್ಲಾ ನಕ್ಕಿತು. ನಾನೂ ನಕ್ಕೆ, ಇವತ್ತು ಶ್ರಾವಣ ಶನಿವಾರ ಅಂದುಕೊಂಡೆ, ದೇವರು ಅಂತ ಕೈ ಮುಗಿದೆ ಅಂತ ಏನೋ ಹೇಳಿದೆ. ಆಮೇಲೆ ಮಂಡ್ಯದಲ್ಲಿ ಇಳಿದು ಆಟೋದವನಿಗೂ ಕೈ ಮುಗಿದೆ. ಅವನದೂ ಖಾಕಿ.

ಮೇಡಂ ಆಫೀಸಿನ ಹೊರಗೆ ಬೆಂಚಿನ ಮೇಲೆ ಕಾದೆ. ಬೂಟಿನ ಸದ್ದು ಬಂದಾಗಲೆಲ್ಲ ಎದ್ದು ನಿಂತೆ. ಬೆಂಚು ನನ್ನನ್ನು ನೋಡಿ ಸುಸ್ತಾಗಿರಬೇಕು. ಕೊನೆಗೆ ಒಳಗೆ ಕರೆದರು. ನಾನು ಬಿದ್ದೋ ಅಂದೆ ಮೇಡಂ, ಬಿದ್ದ ಅನ್ನಲಿಲ್ಲ ಅಂದೆ. ಅವರಿಗೆ ತಿಳಿಯಲಿಲ್ಲ. ವಿಜಯಪುರದ ಹುಡುಗ ಕಡತ ತೆಗೆದು, ಎರಡೂ ಒಂದೇ ಅಲ್ಲೇನ್ರೀ ಅಂದ. ಒಂದೇ ಅಲ್ಲ ಅಂತ ನಾನು, ಹೇಗೆ ಒಂದಲ್ಲ ಅಂತ ಅವನು. ನನ್ನನ್ನು ನೋಡಿದರೆ ಅವನಿಗೆ ಮೊದಲೇ ನಗು, ಈಗಲೂ ತಮಾಷೆ ಅಂದುಕೊಂಡ. ಮೇಡಂ ನಗಲಿಲ್ಲ. ಪೆನ್ನು ಕೆಳಗಿಟ್ಟು, ಏನು ಬಿದ್ದವು ಅಂತ ಕೇಳಿದರು.

ಯಾರೂ ನಮ್ಮ ಕಡೆ ಕೇಳದ ಪ್ರಶ್ನೆ ಅದು ಮಗಾ. ಫ್ಯಾನು ತಿರುಗುತ್ತಿತ್ತು.  ನಾಲಿಗೆ ಒಣಗಿ ಹಳೇ ಟ್ಯೂಬಿನ ಹಾಗಾಗಿತ್ತು.

"ಏಟು" ಅಂದೆ. "ಏಟು ಬಿದ್ದೋ ಮೇಡಂ. ಯತೀಶಪ್ಪ ವಡ್ದ. ಮುದ್ದಯ್ಯ ಬೀಳ್ನಿಲ್ಲ, ಅದೇ ತಪ್ಪಾದ್ದು. ಅವ ಬಿದ್ದಿದ್ರೆ ಇನ್ನೆಲ್ಡು ಕಮ್ಮಿ ಬೀಳ್ತಿದ್ದೋ. ನಿಂತೇ ಇದ್ನಲ್ಲ, ಅದ್ಕೇ ಬಿದ್ದೋ."

ಆಮೇಲೆ ಎಲ್ಲಾ ಹೇಳಿದೆ. ಎಲ್ಲಿ ನಿಂತಿದ್ದ, ಕೈ ಹೇಗೆ ಅಡ್ಡ ಹಿಡಿದ, ಸದ್ದು ಹೇಗಿತ್ತು. ನೀರಿನೊಳಗಿನ ಗುಳ್ಳೆಯನ್ನೂ ಹೇಳಿದೆ. ಒಂದು ತಮಾಷೆಯೂ ಬರಲಿಲ್ಲ. ಹುಡುಗನ ಬೆರಳು ಟಕಟಕ ಅನ್ನುತ್ತಲೇ ಇತ್ತು, ಅವನೂ ನಗುವುದನ್ನು ಬಿಟ್ಟಿದ್ದ. ಮೇಡಂ ನನಗೆ ಹೀಗೂ ಹೇಳಿದರು. ಮೊದಲು ಹೇಳಿದ್ದು ಒಂದು, ಈಗ ಹೇಳಿದ್ದು ಒಂದು ಅಂತ ಆ ಕಡೆಯವರು ಪ್ರಶ್ನೆ ಮಾಡುತ್ತಾರೆ, ನಿಮ್ಮನ್ನು ಮತ್ತೆ ಮತ್ತೆ ಕರೆಯಬೇಕಾಗಬಹುದು, ಯೋಚಿಸಿ ಸಹಿ ಹಾಕಿ ಅಂದರು. ಆಗ ನಾನು ನಿನ್ನ ವಿಷಯ ತೆಗೆದೆ. ನನ್ನ ಮಗಳೂ ನಿಮ್ಮ ಡಿಪಾರ್ಟ್‌ಮೆಂಟಿಗೇ ಬರುತ್ತಿದ್ದಾಳೆ, ಟ್ರೈನಿಂಗಿನಲ್ಲಿದ್ದಾಳೆ, ಇದರಿಂದ ಅವಳಿಗೆ ಏನಾದರೂ ಆಗುತ್ತದಾ ಅಂತ ಕೇಳಿದೆ.

ಮೇಡಂ ಕೆಳಗಿಟ್ಟಿದ್ದ ಪೆನ್ನು ಎತ್ತಿಕೊಂಡರು. "ಏನೂ ಆಗಬಾರದು" ಅಂದರು.

ಏನೂ ಆಗುವುದಿಲ್ಲ ಅನ್ನಲಿಲ್ಲ ಮಗಾ. ಆಗಬಾರದು ಅಂದರು. ಅಷ್ಟು ಹೊತ್ತಿಗೆ ನನಗೂ ಒಂದೊಂದು ಅಕ್ಷರದ ಬೆಲೆ ತಿಳಿದಿತ್ತು. ಏಳನೇ ಕ್ಲಾಸನ್ನು ಎರಡು ಸಲ ಓದಿದರೂ ಮೇಷ್ಟ್ರು ಕಲಿಸದ್ದನ್ನು ಆ ರೂಮಿನಲ್ಲಿ ಕಲಿತೆ.

ಈ ಸಲ ಹುಡುಗ ಓದಲು ಬಂದರೆ ಬೇಡ ಅಂದೆ. ನಾನೇ ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ಓದಿದೆ. ಏಟುಗಳು ಬಿದ್ದಿರುತ್ತವೆ ಅಂತ ಇತ್ತು. ಬೆರಳಿಟ್ಟು ಎರಡು ಸಲ ನೋಡಿದೆ. ಸೈನು ಹಾಕಿದೆ. ನಿನ್ನನ್ನು ಕೇಳದೆ ಹಾಕಿದೆ. ಕೇಳಿದ್ದರೆ ನೀನು ಹಾಕಿ ಅನ್ನುತ್ತಿದ್ದೆಯೋ ಬೇಡ ಅನ್ನುತ್ತಿದ್ದೆಯೋ, ಎರಡರಲ್ಲಿ ಯಾವುದನ್ನು ಕೇಳಿದರೂ ನನಗೆ ಹೆದರಿಕೆಯಾಗುತ್ತಿತ್ತು.

ಊರಿಗೆ ಬಂದು ಅಂಕಮ್ಮನಿಗೆ ಹೇಳಿ, ಟಿವಿಎಸ್ಸನ್ನು ಅವರ ಮನೆಗೆ ನಾನೇ ಬಿಟ್ಟು ಬಂದೆ. ಮುದ್ದಯ್ಯ ಜಗುಲಿಯ ಮೇಲೆ ಕೂತಿದ್ದ. ಹಗ್ಗ ಕೊಟ್ಟೆ. ಎಡಗೈಯಲ್ಲಿ ತಗೊಂಡ. ಚಕ್ರ ಅಮುಕಿ ಗಾಳಿ ನೋಡಿದ.

ನಮ್ಮ ಮನೆಯಲ್ಲಿ ಆಗಿನಿಂದ ಅವ್ವ ಮಾತು ನಿಲ್ಲಿಸಿದ್ದಾಳೆ. ಹೊತ್ತಿಗೆ ಸರಿಯಾಗಿ ತಟ್ಟೆಯನ್ನು ನೆಲಕ್ಕೆ ಕುಕ್ಕುತ್ತಾಳೆ, ಅದೇ ಕರೆ. ಶಬ್ದ ಕೇಳಿ ನಾನೂ ಎಮ್ಮೆಯೂ ಇಬ್ಬರೂ ತಲೆ ಎತ್ತುತ್ತೀವಿ. ಮುದ್ದೆ ಮಾತ್ರ ಎಂದಿನ ಹಾಗೇ ಇದೆ, ಸಿಟ್ಟು ನಿಪ್ಪಟ್ಟಿಗೆ ಮಾತ್ರ.

ಇನ್ನು ಆ ಬೈಕು, ಯತೀಶನದು. ಬರುತ್ತಾನೆ, ಗಾಳಿ ನೋಡು ಅನ್ನುತ್ತಾನೆ, ಹೋಗುತ್ತಾನೆ. ಅಂಗಡಿ ಮುಂದೆ ಬೇರೆ ಗಿರಾಕಿ ನಿಲ್ಲುವುದು ಕಡಿಮೆಯಾಗಿದೆ. ನಿನ್ನೆ ಮಾತ್ರ ಇಳಿದು ಒಳಗೆ ಬಂದ. ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು. ಗಾಳಿ ಮಿಷನ್ನಿನ ಮೇಲೆ ಗೋಡೆ ನೋಡಿ, ಮಗಳ ಫೋಟೋ ಎಲ್ಲಣ್ಣ ಅಂದ. ಧೂಳು ಬೀಳುತ್ತದೆ ಅಂತ ಒಳಗಿಟ್ಟಿದ್ದೀನಿ ಅಂದೆ.

"ಇಡು ಇಡು, ಜ್ವಾಪಾನ. ನಮ್ಮವ್ಳೇ ಆಯ್ತಾವ್ಳಲ್ಲ ಚಲುವಣ್ಣ. ಎಲ್ಗಾಕ್ತರೋ, ಯಾರ ಕೈಕೆಳ್ಗಾಕ್ತರೋ, ನಾವೂ ಒಂದು ಮಾತು ಯೋಳ್ಬೇಕಾಯ್ತದೆ ಬುಡು" ಅಂದ.

ಒಳ್ಳೆಯ ಮಾತೇ ನೋಡು. ಕಾಗದದ ಮೇಲೆ ಬರೆದರೆ ಯಾವ ಮೇಡಂ ಓದಿದರೂ ಇದರಲ್ಲಿ ತಪ್ಪು ಕಾಣುವುದಿಲ್ಲ. ನನಗೆ ಮಾತ್ರ ಆ ಮಾತು ಬೆನ್ನಿನ ಮೇಲೆ ಬಿದ್ದಂತಾಯಿತು. ಅವನು ಹೋದ ಮೇಲೆ ನಾನು ನೀರಿನ ಬಾನಿಯೊಳಗೆ ಕೈ ಇಟ್ಟುಕೊಂಡು ಕೂತಿದ್ದೆ. ಟ್ಯೂಬು ಇರಲಿಲ್ಲ, ಸುಮ್ಮನೆ.

ಕೂಸೇ, ಅಲ್ಲಿ ನಿನಗೆ ಯಾರಾದರೂ ಏನಾದರೂ ಅಂದರೆ, ನಿಮ್ಮಪ್ಪ ಹೀಗಂತೆ ಹಾಗಂತೆ ಅಂದರೆ, ನೀನು ಸಿಟ್ಟಾಗಬೇಡ, ಹೆದರಲೂ ಬೇಡ. ಹೆದರುವ ಕೆಲಸ ಇಲ್ಲಿ ನಾನು ಇಬ್ಬರ ಪಾಲಿನದೂ ಮಾಡುತ್ತಿದ್ದೀನಿ. ಮೇಡಂ ಅವರ ರಿಪೋರ್ಟು ಇನ್ನೂ ಹೋಗಿಲ್ಲವಂತೆ. ಅದು ಏನಾಗುತ್ತದೋ ನನಗೆ ಗೊತ್ತಿಲ್ಲ. ನಾನು ಹೇಳಬೇಕಾದ ಎರಡಕ್ಷರ ಹೇಳಿದೆ.

ಹೊಟ್ಟೆ ತುಂಬ ಉಣ್ಣು. ಬೂಟಿನೊಳಗೆ ಎರಡು ಸಾಕ್ಸ್ ಹಾಕಿಕೋ, ಬೊಬ್ಬೆ ಏಳುವುದಿಲ್ಲ. ಮನೆದೇವರು ನಿನ್ನ ಬೆನ್ನ ಹಿಂದೆ ನಿಂತಿರಲಿ, ಮುಂದೆ ನಿಂತರೆ ಪೆರೇಡಿನಲ್ಲಿ ಅಡ್ಡವಾಗುತ್ತದೆ. ನೂರು ಕಾಲ ಚೆನ್ನಾಗಿ ಬಾಳು.

ಇತಿ ನಿನ್ನ ಅಪ್ಪ,
ಚಲುವರಾಜು

ಬರೆಯುವುದು ಮರೆತೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಬರೆಯಬಾರದು ಅಂತ ಇದ್ದೆ. ಕಾಗದದ ಹಿಂದೆ ಜಾಗ ಉಳಿದಿದೆ, ನನ್ನ ಕ್ಷೇಮ ಇಲ್ಲಿ ಬರೆಯುತ್ತೀನಿ.

ಫೋಟೋ ತೆಗೆದಿಟ್ಟದ್ದು ಧೂಳಿಗಲ್ಲ. ಯತೀಶನಿಗೆ ಹೆದರಿಯೂ ಅಲ್ಲ. ಅಂಕಮ್ಮ ಬಂದು ಹೋದ ದಿನ ಟೈರು ಬಿಚ್ಚುತ್ತಾ ತಲೆ ಎತ್ತಿದೆ. ಮೇಲೆ ಖಾಕಿ ಕಂಡಿತು. ಎದ್ದು ನಿಂತುಬಿಟ್ಟೆ, ಕೈಯಲ್ಲಿದ್ದ ರೆಂಚು ಕೆಳಗೆ ಬಿತ್ತು. ಆಮೇಲೆ ಮುಖ ಕಂಡಿತು. ಅದು ನೀನು. ನಗುತ್ತಿದ್ದೆ. ಊರಿನವರಿಗೆಲ್ಲಾ ಕರೆದು ಕರೆದು ತೋರಿಸಿದ ಫೋಟೋ ಅದು. ಖಾಕಿಗೂ ನಿನ್ನ ಮುಖಕ್ಕೂ ನಡುವೆ ಆ ಒಂದು ಗಳಿಗೆ ನನಗೆ ಮಗಳು ಅಂತ ತಿಳಿಯಲಿಲ್ಲ. ಅಷ್ಟು ಹೊತ್ತು ನಾನು ನಿನಗೇ ಹೆದರಿದೆ. ಯತೀಶನೂ ನನ್ನ ಮುಂದೆ ಚಡ್ಡಿ ಹಾಕಿಕೊಂಡು ಸೈಕಲ್ಲು ಹಿಡಿದು ನಿಂತವನೇ. ಅವರಪ್ಪನೂ ಅವನ ಫೋಟೋ ತೋರಿಸಿಕೊಂಡು ತಿರುಗಿದವನೇ. ಇದನ್ನು ಯಾರಿಗೂ ಹೇಳಿಲ್ಲ, ಅವ್ವನಿಗೂ ಹೇಳಿಲ್ಲ.

ಟ್ರೈನಿಂಗ್ ಮುಗಿಯುವ ದಿನದ ಪೆರೇಡಿಗೆ ಟೆಂಪೋ ಮಾಡಿಕೊಂಡು ಊರವರನ್ನೆಲ್ಲಾ ಕರೆತರುತ್ತೀನಿ ಅಂದಿದ್ದೆನಲ್ಲ. ಟೆಂಪೋ ಬೇಡ, ನಾವಿಬ್ಬರೇ ಬರುತ್ತೀವಿ. ನಿಮ್ಮ ಸಾಲಿನಲ್ಲಿ ನನಗೆ ನೀನು ಯಾರು ಅಂತ ಬೇಗ ತಿಳಿಯದಿದ್ದರೆ ಬೇಜಾರಾಗಬೇಡ. ಒಂದು ಸಲ ಈ ಕಡೆ ನೋಡು, ತಿಳಿಯುತ್ತದೆ. ಆದರೆ ಊರಿಗೆ ರಜಕ್ಕೆ ಬರುವಾಗ ಮೊದಲನೇ ಸಲ ಚೂಡಿದಾರದಲ್ಲಿ ಬಾ ಮಗಾ. ಖಾಕಿ ಬ್ಯಾಗಿನೊಳಗೆ ಇರಲಿ. ಗೇಟಿನಲ್ಲಿ ಬಸ್ಸು ಇಳಿಯುವಾಗ ನಾನು ಅಂಗಡಿಯಲ್ಲಿ ತಲೆ ಬಗ್ಗಿಸಿ ಕೂತಿರುತ್ತೀನಿ, ತಲೆ ಎತ್ತಿದಾಗ ಮೊದಲು ನೀನೇ ಕಾಣಬೇಕು. ನಾಕು ದಿನ ಹಾಗೇ ಇರು. ಐದನೇ ದಿನ ಮನೆಯೊಳಗೆ ಹಾಕಿಕೊಂಡು ತೋರಿಸು, ನಿಧಾನವಾಗಿ, ಕ್ಯಾಪು ಕೊನೆಗೆ. ನಾನು ಅಭ್ಯಾಸ ಮಾಡಿಕೊಳ್ಳುತ್ತೀನಿ. ಇನ್ನೂ ಒಂದು ಕೇಳಬೇಕು, ನಿಮಗೆ ಅಲ್ಲಿ ಲಾಠಿ ಹಿಡಿಯುವುದು ಕಲಿಸುವಾಗ

ತಡಿ ಮಗಾ, ಅವ್ವ.

"ಗಗನನಪ್ಪ, ಉಣ್ಣಕ್ಕೆ ಬನ್ನಿ, ಮುದ್ದೆ ಆರೋಯ್ತದೆ" ಅಂತಿದ್ದಾಳೆ.

ತಟ್ಟೆ ಸದ್ದಲ್ಲ, ಬಾಯಲ್ಲೇ ಕರೆದಳು. ಹೋಗುತ್ತೀನಿ.